ಬಲ್ಲವರು ತಿದ್ದಿ ಓದುವುದು: ಕನ್ನಡ ಗ್ರಂಥಗಳ ತಿದ್ದುಪಡಿಯ ಇತಿಹಾಸ

ಕನ್ನಡದ ಓಲೆಗರಿ ಗ್ರಂಥಗಳಲ್ಲಿ ಕಾವ್ಯದ ಕೊನೆಯ ಪದ್ಯ ಮುಗಿದ ಬಳಿಕ ಪ್ರತಿಕಾರನ, ಎಂದರೆ ಒಂದು ಗ್ರಂಥವನ್ನು ನೋಡಿ ಅದರ ನಕಲನ್ನು ಬರೆದುಕೊಟ್ಟವನ, ಸ್ವಂತ ಮಾತುಗಳು ಕೆಲವು ಬರುತ್ತವೆ. ನಕಲು ಮುಗಿದ ಸಂವತ್ಸರ, ಮಾಸ, ತಿಥಿ, ವಾರಗಳು, ಬರೆದವನ ಮತ್ತು ಬರೆಸಿದವನ ಹೆಸರುಗಳು, ಇಷ್ಟದೈವದ ಸ್ಮರಣೆ, ಕೆಲವೊಮ್ಮೆ ಬೆನ್ನು ಸೊಂಟ ಕೊರಳುಗಳನ್ನು ಬಗ್ಗಿಸಿ ಬರೆದ ಈ ಪುಸ್ತಕವನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಬೇಕೆಂಬ ವಿನಂತಿ, ಇವುಗಳ ಜೊತೆಗೆ ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂಬ ಬಿನ್ನಹವೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಂಸ್ಕೃತದಿಂದ ಬಂದ ರೂಢಿಯ ಶ್ಲೋಕವೊಂದರಲ್ಲಿ ಪ್ರತಿಕಾರನು ತಾನು ಕಂಡಂತೆ ಬರೆದಿರುವುದಾಗಿಯೂ, ಅದು ಶುದ್ಧವಾಗಿರಲಿ ಅಶುದ್ಧವಾಗಿರಲಿ ದೋಷ ತನ್ನದಲ್ಲವೆಂದೂ ಹೇಳಿಕೊಳ್ಳುತ್ತಾನೆ. ಈ ಎರಡು ಮಾತುಗಳನ್ನು ಬರಿಯ ವಿನಯದ ರೂಢಿಯೆಂದು ತಳ್ಳಿಹಾಕುವಂತಿಲ್ಲ. ಒಂದು ಪ್ರತಿಕಾರನನ್ನು ಅವನ ಕಣ್ಣೆದುರಿನ ಮಾತೃಪ್ರತಿಗೆ ಕಟ್ಟಿಹಾಕುತ್ತದೆ, ಇನ್ನೊಂದು ಓದುಗನಿಗೆ ಪಠ್ಯದ ಮೇಲೆ ಅಧಿಕಾರವನ್ನು ಕೊಡುತ್ತದೆ. ಕನ್ನಡದ ಹಳೆಯ ಕಾವ್ಯಗಳು ಇಂದು ಯಾವ ರೂಪದಲ್ಲಿ ಉಳಿದು ಬಂದಿವೆಯೋ ಆ ರೂಪವು ಬಹುಮಟ್ಟಿಗೆ ಈ ಎರಡರ ನಡುವಣ ಎಳೆದಾಟದ ಫಲವಾಗಿದೆ.

ತಿದ್ದುವುದು ಎಷ್ಟು ಸುಲಭ ಅಥವಾ ಎಷ್ಟು ಕಷ್ಟ ಎಂಬುದನ್ನು ಮೊದಲು ನಿರ್ಧರಿಸಿದ್ದು ಬರೆಯುವ ಸಾಮಗ್ರಿ. ಓಲೆಯ ಮೇಲೆ ಬರೆಯುವಾಗ ಕಂಠವೆಂಬ ಮೊನಚಾದ ಲೋಹದ ಕಡ್ಡಿಯಿಂದ ಅಕ್ಷರಗಳನ್ನು ಕೊರೆದು, ಆಮೇಲೆ ದೀಪದ ಕಾಡಿಗೆಯನ್ನೋ ಎಲೆಯ ರಸ ಬೆರೆಸಿದ ಮಸಿಯನ್ನೋ ತೀಡಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ನಿಂತು ಬರೆಹ ಕಾಣಿಸುತ್ತಿತ್ತು. ಒಮ್ಮೆ ಕೊರೆದದ್ದನ್ನು ಅಳಿಸುವ ಉಪಾಯ ಅಲ್ಲಿಲ್ಲ. ತಪ್ಪಿದ ಅಕ್ಷರದ ಮೇಲೆ ಗೀರು ಹಾಕಿ, ಬಿಟ್ಟುಹೋದದ್ದನ್ನು ಸಾಲುಗಳ ನಡುವೆಯೋ ಅಂಚಿನಲ್ಲೋ ಸಣ್ಣದಾಗಿ ಬರೆದು, ಅದು ಸೇರಬೇಕಾದ ಜಾಗದಲ್ಲಿ ಹಂಸಪಾದವೆಂಬ ಕೂಡುಗುರುತನ್ನು ಇಡುವುದಷ್ಟೇ ಸಾಧ್ಯವಿತ್ತು. ಶಾಸನಗಳಲ್ಲಿಯೂ ಹೀಗೆಯೇ: ಪಾಠವನ್ನು ರಚಿಸಿದವನು ಒಬ್ಬ, ಕಲ್ಲಿನ ಮೇಲೆ ಬರೆದವನು ಇನ್ನೊಬ್ಬ, ಕಂಡರಿಸಿದ ರೂವಾರಿ ಮತ್ತೊಬ್ಬನಾಗಿರುತ್ತಿದ್ದುದರಿಂದ ಅಕ್ಷರಗಳು ಬಿಟ್ಟುಹೋಗುವುದು ಸಹಜವಾಗಿತ್ತು, ಹಾಗೆ ಬಿಟ್ಟುಹೋದವನ್ನು ಸಾಲಿನ ಕೆಳಗೋ ಮೇಲೋ ಚಿಕ್ಕದಾಗಿ ಕೊರೆದು ಸೇರಿಸಿದ ನಿದರ್ಶನಗಳೂ ಇವೆ. ಇದಕ್ಕೆ ಪ್ರತಿಯಾಗಿ ಕಡತವು ತಿದ್ದಲೆಂದೇ ಇದ್ದ ಸಾಧನ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ದಿನವೂ ಬದಲಾಗುವ ಲೆಕ್ಕಪತ್ರಗಳು ಕಡತಕ್ಕೆ ಹೋದವು, ಉಳಿಯಬೇಕಾದ ಕಾವ್ಯಶಾಸ್ತ್ರಗಳು ಓಲೆಗೆ ಹೋದವು.

ಕವಿಗಳು ಕೂಡ ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ತಿದ್ದಿ, ಒಪ್ಪವಾದ ಮೇಲೆ ಓಲೆಗೆ ಇಳಿಸುತ್ತಿದ್ದರೆಂಬುದಕ್ಕೆ ಒಳ್ಳೆಯ ಸಾಕ್ಷಿ ಕುಮಾರವ್ಯಾಸನಲ್ಲಿದೆ, ಅದೂ ನಿಷೇಧದ ರೂಪದಲ್ಲಿ. ತನ್ನ ಭಾರತದ ಪೀಠಿಕೆಯಲ್ಲಿ ಅವನು ಹಲಗೆ ಬಳಪಗಳನ್ನು ಹಿಡಿಯದಿರುವುದನ್ನೂ, ಇಟ್ಟ ಪದವನ್ನು ಅಳಿಸದಿರುವುದನ್ನೂ, ಬರೆಯುತ್ತ ಹೋದಂತೆ ಕಂಠಪತ್ರಗಳ ಸದ್ದು ನಿಲ್ಲದಿರುವುದನ್ನೂ ತನ್ನ ಅಗ್ಗಳಿಕೆಗಳೆಂದು ಎಣಿಸಿಕೊಳ್ಳುತ್ತಾನೆ. ಉಳಿದವರೆಲ್ಲರೂ ಹಲಗೆ ಹಿಡಿದು ಅಳಿಸಿ ಬರೆಯುತ್ತಿದ್ದರೆಂಬುದು ಎಲ್ಲರಿಗೂ ತಿಳಿದಿದ್ದರೆ ಮಾತ್ರ ಈ ಹೆಮ್ಮೆಗೆ ಅರ್ಥವುಂಟು. ಹೀಗೆ ಅಳಿಸದೆ ಬರೆದ ಕವಿಯ ಕಾವ್ಯವೇ ನಾಡಿನ ಮೂಲೆ ಮೂಲೆಯಲ್ಲಿ ಪ್ರತಿಯಾಗುತ್ತ, ಗಮಕಿಗಳ ಬಾಯಲ್ಲಿ ಓದಿಸಿಕೊಳ್ಳುತ್ತ, ಕೈಯಿಂದ ಕೈಗೆ ಅಪಾರವಾದ ಪಾಠಾಂತರಗಳನ್ನು ಪಡೆದುಕೊಂಡಿತು. ಪಾಠಾಂತರವೆಂದರೆ ಒಂದೇ ಸ್ಥಳದಲ್ಲಿ ಬೇರೆ ಬೇರೆ ಪ್ರತಿಗಳು ಕೊಡುವ ಬೇರೆ ಬೇರೆ ಮಾತುಗಳು.

ಪ್ರತಿಕಾರರ ತಪ್ಪುಗಳು ಮನಬಂದಂತೆ ಹುಟ್ಟುವುದಿಲ್ಲ, ಅವಕ್ಕೊಂದು ಕ್ರಮವಿದೆ. ಕನ್ನಡ ಲಿಪಿಯಲ್ಲಿ ಪಕಾರ ವಕಾರಗಳು, ವಕಾರ ಮಕಾರಗಳು, ದಕಾರ ಧಕಾರಗಳು ಒಂದನ್ನೊಂದು ಹೋಲುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಹತ್ತಿರದ ಎರಡು ಸಾಲುಗಳು ಒಂದೇ ಮಾತಿನಿಂದ ಮುಗಿದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನದು ಪೂರ್ತಿ ಬಿಟ್ಟುಹೋಗುತ್ತದೆ. ಓಲೆಯ ಹಳೆಯ ಬರೆಹದಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಗಳನ್ನು ಬೇರೆಯಾಗಿ ತೋರಿಸುವ ವಾಡಿಕೆ ಇಲ್ಲದ್ದರಿಂದ ಓದುಗನೇ ಸಂದರ್ಭ ನೋಡಿ ನಿರ್ಧರಿಸಬೇಕಾಗುತ್ತಿತ್ತು. ಆದರೆ ಕನ್ನಡ ಕಾವ್ಯದ ಕಟ್ಟಡದೊಳಗೇ ತಪ್ಪನ್ನು ಹಿಡಿದುಕೊಡುವ ಎರಡು ಕಾವಲುಗಳಿದ್ದವು. ಮೊದಲನೆಯದು ಛಂದಸ್ಸು: ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆಗಳು, ಒಟ್ಟು ಪದ್ಯಕ್ಕೆ 102 ಮಾತ್ರೆಗಳು ಇರಬೇಕಾದ್ದರಿಂದ ಒಂದಕ್ಷರ ಬಿಟ್ಟರೂ ಹಾಡುವವನ ಲಯ ಮುಗ್ಗರಿಸುತ್ತದೆ. ಎರಡನೆಯದು ಆದಿಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರಬೇಕೆಂಬ ನಿಯಮ. ಕಾವ್ಯವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ ಕಾಲದಲ್ಲಿ ಛಂದಸ್ಸು ಕೆಟ್ಟ ಸಾಲು ಓದುವವನ ನಾಲಿಗೆಗೂ ಕೇಳುವವನ ಕಿವಿಗೂ ಒಟ್ಟಿಗೆ ತಾಗುತ್ತಿತ್ತೆಂದು ಭಾವಿಸಬಹುದು. ಅಲ್ಲಿಯೇ ಒಬ್ಬ ಬಲ್ಲವನು ಸರಿಯೆಂದು ತೋರಿದ ಮಾತನ್ನು ಸೂಚಿಸಿದರೆ ಅದು ಮುಂದಿನ ಪ್ರತಿಗೆ ಇಳಿಯುವುದು ಕಷ್ಟವಲ್ಲ.

ಈ ಕಾವಲು ಕೆಲಸ ಮಾಡಿದ ರೀತಿಯನ್ನೂ ಸೋತ ರೀತಿಯನ್ನೂ ೞಕಾರದ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. ಹಳಗನ್ನಡದಲ್ಲಿ ಳಕಾರಕ್ಕಿಂತ ಬೇರೆಯಾದ ೞಕಾರವಿತ್ತು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಕಾಲ ಸರಿದಂತೆ ಆಡುಮಾತಿನಲ್ಲಿ ಈ ಧ್ವನಿ ಳಕಾರದಲ್ಲಿ ಕರಗಿಹೋಯಿತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ ಆ ವೇಳೆಗಾಗಲೇ ಬಲ್ಲವರಿಗೂ ಗೊಂದಲ ಹತ್ತಿತ್ತೆಂದೇ ಅರ್ಥ. ಆಮೇಲಿನ ಪ್ರತಿಕಾರರು ಪಂಪ ರನ್ನರ ಪದ್ಯಗಳಲ್ಲಿ ಎಲ್ಲೆಡೆಯೂ ಳಕಾರವನ್ನೇ ಬರೆದರು. ತಮ್ಮ ಕಾಲದ ಉಚ್ಚಾರಣೆಗೆ ತಕ್ಕಂತೆ ಅದು ಅವರಿಗೆ ಸರಿಯೆಂದೇ ಕಂಡಿರಬೇಕು. ಹೀಗೆ ಅಳಿಸಿಹೋದ ೞಕಾರಗಳನ್ನು ಆಧುನಿಕ ಸಂಪಾದಕರು ಪ್ರಾಸಸ್ಥಾನಗಳನ್ನು ಹೋಲಿಸಿ, ಶಾಸನಗಳ ಬರೆಹವನ್ನು ನೋಡಿ, ಕೇಶಿರಾಜನ ಪಟ್ಟಿಯನ್ನು ಹಿಡಿದು, ಆ ಧ್ವನಿಯನ್ನು ಇನ್ನೂ ಉಳಿಸಿಕೊಂಡಿರುವ ತಮಿಳಿನ ಶಬ್ದಗಳೊಡನೆ ತಾಳೆ ನೋಡಿ ಮತ್ತೆ ನಿಲ್ಲಿಸಿದ್ದಾರೆ. ಹದಿಮೂರನೆಯ ಶತಮಾನದ ವೈಯಾಕರಣನೊಬ್ಬನು ಮಾಡಿಟ್ಟ ಪಟ್ಟಿಯು ಇಪ್ಪತ್ತನೆಯ ಶತಮಾನದ ಕರಡು ತಿದ್ದುವ ಕೆಲಸಕ್ಕೆ ಒದಗಿತೆಂಬುದು ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಬಹಳ ಸಂತೋಷ ಕೊಡುವ ಸಂಗತಿ.

ಆದರೆ ಬಲ್ಲವರು ತಿದ್ದಿ ಓದುವ ಪದ್ಧತಿಯಲ್ಲಿ ಒಂದು ದೊಡ್ಡ ಊನವಿತ್ತು. ಓದುಗನು ಅಂಚಿನಲ್ಲಿ ಬರೆದ ಅರ್ಥ ಅಥವಾ ಸೂಚಿಸಿದ ಪಾಠ ಮುಂದಿನ ಪ್ರತಿಕಾರನ ಕೈಯಲ್ಲಿ ಮೂಲದ ಸಾಲಿನೊಳಗೇ ಸೇರಿಬಿಡುತ್ತಿತ್ತು, ತಿದ್ದುವುದಕ್ಕೆ ಮೊದಲು ಅಲ್ಲಿ ಏನಿತ್ತು ಎಂಬುದರ ಗುರುತೂ ಉಳಿಯುತ್ತಿರಲಿಲ್ಲ. ಕೇಳದ ಹಳೆಯ ಶಬ್ದವೊಂದು ಬಂದಲ್ಲಿ ಪರಿಚಿತವಾದ ಶಬ್ದವನ್ನು ಇಟ್ಟು ಪದ್ಯವನ್ನು ಸುಗಮಗೊಳಿಸಿದ ಪ್ರತಿಕಾರನು ದುರುದ್ದೇಶದಿಂದ ಹಾಗೆ ಮಾಡಲಿಲ್ಲ. ಓದುಗನಿಗೆ ಉಪಕಾರ ಮಾಡುತ್ತಿರುವುದಾಗಿಯೇ ಅವನು ನಂಬಿದ್ದನು. ಗ್ರಂಥಸಂಪಾದನ ಶಾಸ್ತ್ರದಲ್ಲಿ, ಎಂದರೆ ಹಲವು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಕ್ಕೆ ಆದಷ್ಟು ಹತ್ತಿರದ ಪಾಠವನ್ನು ಕಂಡುಕೊಳ್ಳುವ ವಿದ್ಯೆಯಲ್ಲಿ, ಎರಡು ಪಾಠಗಳ ಪೈಕಿ ಕ್ಲಿಷ್ಟವಾದದ್ದೇ ಹಳೆಯದಾಗಿರುವ ಸಂಭವ ಹೆಚ್ಚೆಂಬ ಸೂತ್ರ ಹುಟ್ಟಿದ್ದು ಈ ಉಪಕಾರಬುದ್ಧಿಯ ಪರಿಣಾಮವನ್ನು ಕಂಡೇ. ಅರಿಯದೆ ಮಾಡಿದ ತಪ್ಪು ಪ್ರಾಸದಲ್ಲೋ ಮಾತ್ರೆಯಲ್ಲೋ ಸಿಕ್ಕಿಬೀಳುತ್ತದೆ. ಛಂದಸ್ಸು ಬಲ್ಲವನು ಅರಿತು ಮಾಡಿದ ಸುಗಮವಾದ ತಿದ್ದುಪಡಿಯನ್ನು ಹಿಡಿಯುವುದು ಅದಕ್ಕಿಂತ ಎಷ್ಟೋ ಕಷ್ಟ.

ಅಚ್ಚು ಬಂದಾಗ ಈ ಸ್ಥಿತಿ ಒಮ್ಮೆಲೇ ಬದಲಾಗಲಿಲ್ಲ. ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಕೆಲಸ ಪ್ರಾರಂಭಿಸಿದ್ದು ಕಲ್ಲಚ್ಚಿನಿಂದ. ಹೆರ್ಮನ್ ಮೊಗ್ಲಿಂಗನ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಟ ಮಂಗಳೂರ ಸಮಾಚಾರವೂ, 1848ರಿಂದ 1851ರವರೆಗೆ ಅವನು ಪ್ರಕಟಿಸಿದ ಬಿಬ್ಲಿಯೋಥಿಕಾ ಕರ್ನಾಟಕ ಮಾಲೆಯ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವೂ ಕಲ್ಲಚ್ಚಿನವೇ. ಕಲ್ಲಚ್ಚಿನಲ್ಲಿ ಬರೆಹಗಾರನು ಕೈಯಿಂದ ಬರೆದದ್ದೇ ಕಲ್ಲಿಗೆ ಇಳಿದು ಅಚ್ಚಾಗುತ್ತಿದ್ದುದರಿಂದ ಹಳೆಯ ಪ್ರತಿಕಾರನ ಕೈ ಅಲ್ಲಿ ಇನ್ನೂ ಕೆಲಸ ಮಾಡುತ್ತಿತ್ತು. ಸೀಸದ ಮೊಳೆಗಳು ಬಂದ ಬಳಿಕ ತಪ್ಪುಗಳ ಜಾತಿ ಬೇರೆಯಾಯಿತು: ತಲೆಕೆಳಗಾದ ಮೊಳೆ, ಬೇರೆ ಗೂಡಿಗೆ ಬಿದ್ದಿದ್ದ ಅಕ್ಷರ, ಮುರಿದುಹೋದ ಒತ್ತು, ಜಾರಿದ ದೀರ್ಘ. ಅಕ್ಷರದ ಕೆಳಗೆ ಒತ್ತನ್ನು, ಪಕ್ಕಕ್ಕೆ ದೀರ್ಘವನ್ನು, ಅರ್ಕಾವತ್ತನ್ನು ಬೇರೆ ಬೇರೆ ಮೊಳೆಗಳಾಗಿ ಜೋಡಿಸಬೇಕಾದ ಕನ್ನಡದಲ್ಲಿ ಮೊಳೆ ಜೋಡಿಸುವವರ ಶ್ರಮ ರೋಮನ್ ಲಿಪಿಯವರದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ವಿಶಾಖದತ್ತನ ನಾಟಕದ ಹೆಸರನ್ನೇ ಎತ್ತಿಕೊಂಡು ಅಚ್ಚಿನ ತಪ್ಪುಗಳ ಹೊಣೆಯನ್ನೆಲ್ಲ ಮುದ್ರಾರಾಕ್ಷಸನ ಮೇಲೆ ಹೊರಿಸುವ ರೂಢಿ ಬೆಳೆಯಿತು. ಆದರೆ ಆ ರಾಕ್ಷಸನೊಡನೆ ದಿನವೂ ಹೋರಾಡುತ್ತಿದ್ದ ಮೊಳೆ ಜೋಡಿಸುವವರ ಮತ್ತು ಕರಡು ತಿದ್ದುವವರ ಹೆಸರುಗಳು ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು ವಿರಳ, ಇದು ಕನ್ನಡ ಪ್ರಕಾಶನವು ಅವರಿಗೆ ತೀರಿಸದ ಋಣ.

ಅಚ್ಚು ತಂದ ನಿಜವಾದ ಹೊಸತನವೆಂದರೆ ಶುದ್ಧಾಶುದ್ಧ ಪತ್ರಿಕೆ. ಪುಸ್ತಕದ ಕೊನೆಗೋ ಮೊದಲಿಗೋ ಸೇರಿಸುವ ಈ ಪಟ್ಟಿಯಲ್ಲಿ ಪುಟ, ಪಂಕ್ತಿ, ಇರುವ ತಪ್ಪು, ಇರಬೇಕಾದ ಒಪ್ಪು ಎಂದು ನಾಲ್ಕು ಅಂಕಣಗಳಿರುತ್ತವೆ. ಓಲೆಯ ಕಾಲದಲ್ಲಿ ಒಂದು ಪ್ರತಿಯ ತಪ್ಪು ಆ ಪ್ರತಿಗೆ ಮಾತ್ರ ಸೇರಿದ್ದಾಗಿದ್ದರೆ, ಅಚ್ಚಿನಲ್ಲಿ ಐನೂರು ಪ್ರತಿಗಳಲ್ಲಿಯೂ ಒಂದೇ ಪುಟದ ಒಂದೇ ಸಾಲಿನಲ್ಲಿ ಒಂದೇ ತಪ್ಪಿರುವುದರಿಂದ ಅದನ್ನು ವಿಳಾಸ ಹೇಳಿ ತೋರಿಸುವುದು ಮೊದಲ ಬಾರಿಗೆ ಸಾಧ್ಯವಾಯಿತು. ಧಾರವಾಡದ ಓದುಗನೂ ಮೈಸೂರಿನ ಓದುಗನೂ ಒಂದೇ ಪುಟಸಂಖ್ಯೆಯನ್ನು ಹಿಡಿದು ವಾದಿಸಬಹುದಾಯಿತು. ತಿದ್ದುಪಡಿಯೂ ತಪ್ಪೂ ಅಕ್ಕಪಕ್ಕದಲ್ಲಿ ನಿಂತು ಎರಡೂ ಓದುಗನ ಕಣ್ಣಿಗೆ ಬೀಳುವಂತಾಯಿತು.

ಹಳೆಯ ಕಾವ್ಯಗಳು ಈ ಬೆಳಕಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಕಿಟ್ಟೆಲ್ ಸಂಪಾದಿಸಿದ ಶಬ್ದಮಣಿದರ್ಪಣವು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರಿನಲ್ಲಿ ಬಿ. ಎಲ್. ರೈಸ್ ನಡೆಸಿದ ಮಾಲೆಯಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ 1890ರಲ್ಲಿಯೂ, ಪಂಪಭಾರತ ಹಾಗೂ ಕೆ. ಬಿ. ಪಾಠಕರ ಸಂಪಾದನೆಯ ಕವಿರಾಜಮಾರ್ಗ 1898ರಲ್ಲಿಯೂ ಹೊರಬಂದವು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯವು ಓಲೆಗಳ ಸಂಗ್ರಹಕ್ಕೆ ನೆಲೆಯಾಯಿತು. ಇವು ಮೊದಲ ಮುದ್ರಣಗಳು, ಕೈಗೆ ಸಿಕ್ಕಿದ ಕೆಲವೇ ಪ್ರತಿಗಳನ್ನು ಆಧರಿಸಿದವು. ಇವುಗಳ ಅತ್ಯುತ್ತಮ ಫಲವೆಂದರೆ ಇವನ್ನು ಓದಿ ತಿದ್ದಬಲ್ಲ ಒಂದು ವಿದ್ವತ್ ಸಮುದಾಯ ರೂಪುಗೊಂಡದ್ದು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿ ಅದರ ಪತ್ರಿಕೆಯೂ, 1919ರಲ್ಲಿ ಪ್ರಬುದ್ಧ ಕರ್ಣಾಟಕವೂ ಹೊರಟ ಮೇಲೆ ಒಂದು ಪದ್ಯದ ಒಂದು ಪಾದದ ಪಾಠವನ್ನು ಕುರಿತು ಲೇಖನಗಳು, ಅವಕ್ಕೆ ಉತ್ತರಗಳು, ಉತ್ತರಕ್ಕೆ ಪ್ರತ್ಯುತ್ತರಗಳು ಪ್ರಕಟವಾಗತೊಡಗಿದವು. ಬೆಳ್ಳಾವೆ ವೆಂಕಟನಾರಣಪ್ಪನವರು ಸಂಪಾದಿಸಿದ ಪಂಪಭಾರತವನ್ನು ಪರಿಷತ್ತು 1931ರಲ್ಲಿ ಹೊರತಂದಿತು, ಮುಳಿಯ ತಿಮ್ಮಪ್ಪಯ್ಯನವರ ನಾಡೋಜ ಪಂಪ 1938ರಲ್ಲಿ ಬಂದಿತು, ಡಿ. ಎಲ್. ನರಸಿಂಹಾಚಾರ್ಯರು ಆ ಕಾವ್ಯದ ಕ್ಲಿಷ್ಟಸ್ಥಳಗಳನ್ನು ಪದ್ಯಪದ್ಯವಾಗಿ ಬಿಡಿಸಿದ ಪಂಪಭಾರತ ದೀಪಿಕೆ 1971ರಲ್ಲಿ ಪ್ರಕಟವಾಯಿತು. ಒಂದೇ ಕಾವ್ಯಕ್ಕೆ ಮೊದಲ ಮುದ್ರಣದಿಂದ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಒಬ್ಬರ ಓದನ್ನು ಇನ್ನೊಬ್ಬರು ತಿದ್ದುತ್ತ ಬಂದ ಈ ಸರಣಿಯಲ್ಲಿ ಹಿಂದಿನವರ ಪಾಠ ಎಲ್ಲಿಯೂ ಗುಟ್ಟಾಗಿ ಅಳಿದುಹೋಗಲಿಲ್ಲ.

ತಮ್ಮ ಬರೆಹವನ್ನೇ ತಿದ್ದಿಕೊಂಡವರಲ್ಲಿ ಆರ್. ನರಸಿಂಹಾಚಾರ್ಯರ ಹೆಸರು ದೊಡ್ಡದು. ಅವರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಬಂದವು. ಈ ನಡುವೆ, ಕೊನೆಯ ಸಂಪುಟ ಮುಗಿಯುವುದಕ್ಕೂ ಮೊದಲೇ, 1924ರಲ್ಲಿ ಮೊದಲ ಸಂಪುಟವನ್ನು ಅವರು ಪರಿಷ್ಕರಿಸಿದರು. ಹೊಸ ಶಾಸನವೊಂದು, ಹೊಸ ಓಲೆಯೊಂದು ಸಿಕ್ಕಿದಾಗ ಕವಿಯ ಕಾಲವನ್ನು ಬದಲಿಸಲು ಹಿಂಜರಿಯದ ಈ ಗುಣವೇ ಆ ಗ್ರಂಥವನ್ನು ಇಂದಿಗೂ ಬಳಸುವಂತೆ ಮಾಡಿದೆ. ಡಿ. ಎಲ್. ನರಸಿಂಹಾಚಾರ್ಯರ ಕನ್ನಡ ಗ್ರಂಥಸಂಪಾದನೆ 1964ರಲ್ಲಿಯೂ ಎಂ. ಎಂ. ಕಲಬುರ್ಗಿಯವರ ಕನ್ನಡ ಗ್ರಂಥಸಂಪಾದನ ಶಾಸ್ತ್ರ 1972ರಲ್ಲಿಯೂ ಈ ವಿವೇಕಕ್ಕೆ ಶಾಸ್ತ್ರದ ರೂಪ ಕೊಟ್ಟವು. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ನಡೆದ ಮಹಾಭಾರತ ಸಂಪಾದನೆಯ ಮಾದರಿಯೂ ಕನ್ನಡದ ವಿದ್ವಾಂಸರ ಮುಂದಿತ್ತು. ಸಂಪಾದಕನು ಊಹಿಸಿ ತಿದ್ದಬಹುದು, ಆದರೆ ಪ್ರತಿಗಳಲ್ಲಿ ಇರುವುದನ್ನು ಅಡಿಟಿಪ್ಪಣಿಯಲ್ಲಿ ಕೊಡಲೇಬೇಕು. ತನ್ನ ಊಹೆಯನ್ನು ಊಹೆಯೆಂದು ಗುರುತಿಸಲೇಬೇಕು. ಪ್ರತಿಕಾರನ ಪ್ರಾಮಾಣಿಕತೆಗೂ ಬಲ್ಲ ಓದುಗನ ಅಧಿಕಾರಕ್ಕೂ ಇದ್ದ ಹಳೆಯ ಎಳೆದಾಟವನ್ನು ಈ ಒಂದು ಕಟ್ಟುಪಾಡು ಪರಿಹರಿಸಿತು.

ಈ ಕಟ್ಟುಪಾಡನ್ನು ಮೀರಿದಾಗ ಏನಾಗುತ್ತದೆಂಬುದಕ್ಕೆ ವಚನ ಸಾಹಿತ್ಯದ ಇತ್ತೀಚಿನ ಚರಿತ್ರೆಯಲ್ಲಿ ನಿದರ್ಶನವಿದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಬಳಿಕ, ಎಸ್. ಎಸ್. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದವರ ಕೈಯಲ್ಲಿ ವಚನಗಳ ಪಾಠ ಕ್ರಮೇಣ ಸ್ಥಿರವಾಯಿತು. ಅಂಕಿತವೆಂದರೆ ವಚನದ ಕೊನೆಯಲ್ಲಿ ಬರುವ ದೈವನಾಮ. ಯಾವ ವಚನ ಯಾರದೆಂದು ತಿಳಿಯಲು ಅದೇ ಮುಖ್ಯ ಆಧಾರ. ಬಸವಣ್ಣನವರ ವಚನಗಳ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿ ಪ್ರಕಟಿಸಿದ ಬಸವ ವಚನ ದೀಪ್ತಿ ಎಂಬ ಸಂಕಲನವನ್ನು ರಾಜ್ಯ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ನಂಬಿಕೆಯ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ, ಓಲೆಯ ಪ್ರತಿಗಳ ಆಧಾರವಿಲ್ಲದೆ ಮೂಲದ ಅಕ್ಷರವನ್ನು ಬದಲಿಸುವುದಕ್ಕೆ ಸಂಪಾದನ ಶಾಸ್ತ್ರದಲ್ಲಿ ಸ್ಥಾನವಿಲ್ಲ.

ಸಾಮಾನ್ಯ ಓದುಗನ ಪಾಲು ದೊಡ್ಡದಾದದ್ದು ಪತ್ರಿಕೆಗಳ ಮೂಲಕ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ಬಹುಕಾಲ ನಡೆಸಿದ ಇಗೋ ಕನ್ನಡ ಅಂಕಣಕ್ಕೆ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು, ವಿದ್ಯಾರ್ಥಿಗಳು ಪದಗಳ ಅರ್ಥವನ್ನೂ ಸರಿಯಾದ ರೂಪವನ್ನೂ ಕೇಳಿ ಬರೆಯುತ್ತಿದ್ದರು. ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ದುಡಿದ ವಿದ್ವಾಂಸರೊಬ್ಬರು ದಿನಪತ್ರಿಕೆಯ ಓದುಗರ ಸಂಶಯಕ್ಕೆ ಅಷ್ಟೇ ಶ್ರದ್ಧೆ ತೋರಿಸಿದ್ದರಿಂದ ಶುದ್ಧ ಬರೆಹವು ಪಂಡಿತರ ಮನೆಯ ಸೊತ್ತೆಂಬ ಭಾವನೆ ಸಡಿಲವಾಯಿತು.

ಗಣಕಯಂತ್ರ ಮತ್ತು ಅಂತರಜಾಲಗಳ ಕಾಲದಲ್ಲಿ ಈ ಚರಿತ್ರೆಯ ಎಲ್ಲ ಪದರಗಳೂ ಮತ್ತೆ ಮೇಲೆ ಬಂದಿವೆ. 1991ರಲ್ಲಿಯೇ ಯೂನಿಕೋಡ್, ಎಂದರೆ ಎಲ್ಲ ಲಿಪಿಗಳಿಗೂ ಅನ್ವಯಿಸುವ ಏಕರೂಪದ ಸಂಕೇತ ವ್ಯವಸ್ಥೆ, ಕನ್ನಡವನ್ನು ಒಳಗೊಂಡಿದ್ದರೂ ಬಹುಕಾಲ ಒಂದೊಂದು ತಂತ್ರಾಂಶ ಒಂದೊಂದು ಸಂಕೇತವನ್ನು ಬಳಸುತ್ತಿತ್ತು. ಹಾಗೆ ಬರೆದಿಟ್ಟ ಹಳೆಯ ಗಣಕ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ದೀರ್ಘ ಕಳಚಿಕೊಳ್ಳುತ್ತದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ ಪದವು ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಿದಾಗ ಸಿಗುವುದಿಲ್ಲ. ಹಳೆಯ ಮುದ್ರಿತ ಪುಟದ ಚಿತ್ರವನ್ನು ಯಂತ್ರವು ಓದಿ ಅಕ್ಷರವಾಗಿಸುವಾಗ ಅದು ಎಡವುವುದು ಓಲೆಯ ಪ್ರತಿಕಾರನು ಎಡವಿದ ಪಕಾರ ವಕಾರ ಮಕಾರಗಳಲ್ಲಿಯೇ. ಇದಕ್ಕಿಂತ ಹೆಚ್ಚಿನ ಹಾನಿ ಅವಸರದಿಂದ ಆಗುತ್ತಿದೆ: ಕರಡು ತಿದ್ದುವವರ ಹಂತವನ್ನೇ ಕೈಬಿಟ್ಟು ಬರೆದ ಕ್ಷಣದಲ್ಲಿ ಪ್ರಕಟಿಸುವ ರೂಢಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ, ಸಕಾರ ಶಕಾರ ಷಕಾರಗಳ ಭೇದ ಅಳಿಯುತ್ತಿದೆ, ಒಂದು ತಾಣದ ತಪ್ಪು ನಕಲಿನ ಮೂಲಕ ನೂರು ತಾಣಗಳಿಗೆ ಒಂದೇ ದಿನದಲ್ಲಿ ಹಬ್ಬುತ್ತಿದೆ.

ಆದರೂ ಓಲೆಯ ಕಾಲದ ಊನವನ್ನು ಸರಿಪಡಿಸುವ ಸಾಧನವೂ ಇಲ್ಲಿಯೇ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಯಾವ ಓದುಗನಾದರೂ ತಿದ್ದಬಹುದು, ಮತ್ತು ತಿದ್ದುವುದಕ್ಕೆ ಮೊದಲಿನ ರೂಪ, ತಿದ್ದಿದ ಹೊತ್ತು, ತಿದ್ದಿದವರ ಗುರುತು ಎಲ್ಲವೂ ಪುಟದ ಇತಿಹಾಸದಲ್ಲಿ ಉಳಿಯುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶವೂ ಸೇರಿದಂತೆ ಹಳೆಯ ಪುಸ್ತಕಗಳನ್ನು ಇರಿಸಿಕೊಂಡಿರುವ ವಿಕಿಸೋರ್ಸಿನಲ್ಲಿ ಮುದ್ರಿತ ಪುಟದ ಚಿತ್ರವೂ ಅಕ್ಷರರೂಪವೂ ಅಕ್ಕಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಯಾರೂ ಕರಡು ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಬೇರೊಬ್ಬರು ಮತ್ತೆ ಓದಿ ಒಪ್ಪಿದ್ದಕ್ಕೆ ಹಸಿರು. ತಿದ್ದಿದವರೇ ತಮ್ಮ ಪುಟವನ್ನು ಹಸಿರಾಗಿಸಲು ಬರುವುದಿಲ್ಲ. ಕನ್ನಡದ ಬಹಳಷ್ಟು ಪುಟಗಳು ಎರಡನೆಯ ಓದುಗನಿಗಾಗಿ ಇನ್ನೂ ಕಾಯುತ್ತಿವೆ. ಹಳಗನ್ನಡವನ್ನು ಕಲಿಸಿದ ನಿವೃತ್ತ ಅಧ್ಯಾಪಕರು, ಮುದ್ರಣಾಲಯಗಳಲ್ಲಿ ವರ್ಷಗಟ್ಟಲೆ ಕರಡು ತಿದ್ದಿದವರು, ಕಾವ್ಯವನ್ನು ಪ್ರಾಸದ ಸಹಿತ ಬಾಯಲ್ಲಿ ಉಳಿಸಿಕೊಂಡಿರುವ ಗಮಕಿಗಳು ದಿನಕ್ಕೆ ಒಂದು ಪುಟವನ್ನಾದರೂ ಓದಿ, ಮೂಲವನ್ನು ಅದರ ಎದುರಿಗಿಟ್ಟುಕೊಂಡು, ತಾವು ಕಂಡ ತಪ್ಪನ್ನು ಪುಟ ಪಂಕ್ತಿಗಳ ಸಮೇತ ಅಲ್ಲಿ ತಿದ್ದಬೇಕು.